ಕ್ಯಾಪ್ಟನ್ ಸೋತರೂ ಕ್ಯಾಪ್ಟನ್ನೇ, ನಮ್ಮ ಹವಾಲ್ದಾರ?



ಪೋಸ್ಟ್ ಉದ್ದ ಇದೆ. ಟೈಮ್ ಇದ್ದಾಗ ಓದಿ, ಆದ್ರೆ ಪೂರ್ತಿ ಓದಿ. ಆಮೇಲೆ ಜಗಳಕ್ಕೆ ಬನ್ನಿ, ನಾನು ಇಲ್ಲೇ ಇರ್ತೀನಿ.

ಗೊರವನಹಳ್ಳಿ ಕಡೆಯ ನಮ್ಮ ಹುಡುಗರ ವಾಟ್ಸಾಪ್ ಗ್ರೂಪಲ್ಲಿ ಒಂದು ವಾರದಿಂದ ಒಂದೇ ಚರ್ಚೆ. ಯಾರೋ 'ಸೂರರೈ ಪೋಟ್ರು' ಸಿನಿಮಾದ ಒಂದು ತುಣುಕು ಹಾಕಿ, ಕೆಳಗೆ ಬರೆದಿದ್ದಾರೆ: "ವಾಯುಪಡೆಯಿಂದ ಬಂದ ತಳಸಮುದಾಯದ ಹುಡುಗ, ವಿಮಾನ ಕಂಪನಿ ಕಟ್ಟಿದ, ಎಲೆಕ್ಷನ್ನಿಗೂ ನಿಂತ. ಇದು ನಮ್ಮ ಕರ್ನಾಟಕದವರ ನಿಜ ಕಥೆ." ಅದರ ಕೆಳಗೆ ಹತ್ತಾರು ಜೈಭೀಮ್, ನೀಲಿ ಹಾರ್ಟು. ಇನ್ನೊಬ್ಬ ತಮ್ಮ, "ಇಂಥ ಪೈಲಟ್ ನಮ್ಮ ಕೊರಟಗೆರೆಗೆ ಕ್ಯಾಂಡಿಡೇಟ್ ಆಗಿ ಬಂದ್ರೆ ಜಾತಿ ನೋಡದೆ ಎಲ್ರೂ ಓಟ್ ಹಾಕ್ತಾರೆ" ಅಂದಿದ್ದಾನೆ.

ಈ ಕೊನೇ ಮಾತಿಗೆ ಉತ್ತರ ಕೊಡಬೇಕು ಅನ್ನಿಸಿತು. ಗ್ರೂಪಲ್ಲಿ ಟೈಪ್ ಮಾಡ್ತಾ ಮಾಡ್ತಾ ಇಷ್ಟುದ್ದ ಆಯ್ತು, ಅದಕ್ಕೆ ಇಲ್ಲಿ ಹಾಕ್ತಿದ್ದೀನಿ.

ಮೊದಲು ಸಿನಿಮಾ ಮತ್ತು ನಿಜವನ್ನ ಬೇರೆ ಮಾಡೋಣ.

ಸಿನಿಮಾ 2020ರ ನವೆಂಬರಲ್ಲಿ ಬಂತು. ನಿರ್ದೇಶಕಿ ಸುಧಾ ಕೊಂಗರ, ಹೀರೋ ಸೂರ್ಯ. ಅದರ ಮಾರ ಮದುರೈ ಪಕ್ಕದ ಹಳ್ಳಿಯವನು, ವಾಯುಪಡೆಯಲ್ಲಿದ್ದವನು, ಕಪ್ಪು ಬಟ್ಟೆಯ ಪೆರಿಯಾರ್ ಅಭಿಮಾನಿ. ದೊಡ್ಡ ಕಂಪನಿಯ ಯಜಮಾನ ಇವನ ಕೈ ಮುಟ್ಟಿದ್ರೆ ಕೈ ತೊಳೆದುಕೊಳ್ಳೋ ಥರದವನು. ನೋಡಿದ್ರೆ ನಮ್ಮ ಹೊಟ್ಟೆಗೆ ತಾಗುತ್ತೆ. ರಾಷ್ಟ್ರಪ್ರಶಸ್ತಿಯೂ ಬಂತು.

ಆದರೆ ಕಥೆಗೆ ಆಧಾರವಾದವರು ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಹುಟ್ಟಿದ್ದು 1951ರಲ್ಲಿ ಮೇಲುಕೋಟೆಯಲ್ಲಿ, ಬೆಳೆದದ್ದು ಹಾಸನ ಜಿಲ್ಲೆ ಗೊರೂರಲ್ಲಿ. ಅಯ್ಯಂಗಾರ್ ಕುಟುಂಬ, ತಂದೆ ಮೇಷ್ಟ್ರು. ಬಿಜಾಪುರದ ಸೈನಿಕ ಶಾಲೆ, ಆಮೇಲೆ ಎನ್‌ಡಿಎ, ಆಮೇಲೆ ಭೂಸೇನೆ. 1971ರ ಯುದ್ಧದಲ್ಲಿ ಇದ್ದರು. ಸುಮಾರು ಎಂಟು ವರ್ಷ ಸರ್ವಿಸ್ ಮಾಡಿ ಬಿಟ್ಟು ಬಂದು ರೇಷ್ಮೆ, ತೆಂಗು ಅಂತ ವ್ಯವಸಾಯಕ್ಕೆ ಇಳಿದರು. ಹೇಮಾವತಿ ಡ್ಯಾಮಲ್ಲಿ ಮನೆತನದ ಜಮೀನು ಮುಳುಗಿತ್ತು, ಬದಲಿಗೆ ಸಿಕ್ಕ ಜಾವಗಲ್ ಕಡೆಯ ಬರಡು ಭೂಮಿಯಲ್ಲಿ ಟೆಂಟ್ ಹಾಕಿಕೊಂಡು ದುಡಿದರು. 1997ರಲ್ಲಿ ಸೈನ್ಯದ ಗೆಳೆಯ ಕ್ಯಾಪ್ಟನ್ ಕೆ.ಜೆ. ಸ್ಯಾಮ್ಯುಯೆಲ್ ಜೊತೆ ಹೆಲಿಕಾಪ್ಟರ್ ಕಂಪನಿ, 2003ರ ಆಗಸ್ಟಲ್ಲಿ ಏರ್ ಡೆಕ್ಕನ್. ಮೊದಲ ವಿಮಾನ ಬೆಂಗಳೂರಿಂದ ಹುಬ್ಬಳ್ಳಿಗೆ. ಒಂದು ರೂಪಾಯಿ ಟಿಕೆಟ್ಟಿನ ಗಲಾಟೆ ನನ್ನ ವಯಸ್ಸಿನವರಿಗೆ ಚೆನ್ನಾಗಿ ನೆನಪಿದೆ. 2007ರಲ್ಲಿ ಕಂಪನಿ ಕಿಂಗ್‌ಫಿಷರ್ ಕೈ ಸೇರಿತು.

ಇಲ್ಲಿ ಒಂದು ಗೊಂದಲ ಎಲ್ಲರಿಗೂ ಇದೆ. 'ಕ್ಯಾಪ್ಟನ್' ಅಂದ ತಕ್ಷಣ ವಿಮಾನ ಓಡಿಸೋರು ಅಂದ್ಕೋತೀವಿ. ಅವರದು ಭೂಸೇನೆಯ ಕ್ಯಾಪ್ಟನ್ ಪದವಿ, ಮೇಜರ್‌ಗಿಂತ ಒಂದು ಮೆಟ್ಟಿಲು ಕೆಳಗಿನದು. ಸಿನಿಮಾ ಅವರನ್ನ ವಾಯುಪಡೆಗೆ ಸೇರಿಸಿತು, ಜಾತಿಯ ಏಣಿಯಲ್ಲಿ ಮೇಲಿಂದ ಕೆಳಕ್ಕೂ ಇಳಿಸಿತು. ಹಾಗಾಗಿ ನಮ್ಮ ಹುಡುಗರು ನೀಲಿ ಹಾರ್ಟ್ ಹಾಕಿದ್ದು ಸಿನಿಮಾದ ಮಾರನಿಗೆ. ಗೊರೂರಿನ ಗೋಪಿನಾಥರ ಕಥೆ ಬೇರೆ.

ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಹವಾಯಿ ಚಪ್ಪಲಿ ಹಾಕಿಕೊಂಡೋರು ವಿಮಾನ ಹತ್ತೋ ಹಾಗೆ ಮಾಡಿದ್ದು ಸಣ್ಣ ಕೆಲಸ ಅಲ್ಲ. ನನ್ನ ಪ್ರಶ್ನೆ ಅವರು ಎಲೆಕ್ಷನ್ನಿಗೆ ನಿಂತದ್ದರ ಬಗ್ಗೆ.

2009ರ ಲೋಕಸಭೆ ಚುನಾವಣೆ. ಬೆಂಗಳೂರು ದಕ್ಷಿಣದಿಂದ ಗೋಪಿನಾಥ್ ಪಕ್ಷೇತರರಾಗಿ ನಾಮಪತ್ರ ಹಾಕಿದರು. ಅತ್ತ ಬಿಜೆಪಿಯ ಅನಂತಕುಮಾರ್, ಇತ್ತ ಕಾಂಗ್ರೆಸ್ಸಿನ ಕೃಷ್ಣ ಬೈರೇಗೌಡ. ಮಿಲಿಟರಿ ಹೆಸರು, ದೇಶಕ್ಕೆಲ್ಲ ಗೊತ್ತಿರೋ ಮುಖ, ಓದಿದವರೇ ತುಂಬಿದ ಕ್ಷೇತ್ರ. ಗೆದ್ದವರು ಅನಂತಕುಮಾರ್. ಗೋಪಿನಾಥರಿಗೆ ಠೇವಣಿಯೂ ಉಳೀಲಿಲ್ಲ.

ಅಂದರೆ, ನಮ್ಮ ತಮ್ಮ ಹೇಳಿದ 'ಜಾತಿ ನೋಡದೆ ಎಲ್ರೂ ಓಟ್ ಹಾಕ್ತಾರೆ' ಅನ್ನೋದು ಬೆಂಗಳೂರಿನ ಜಯನಗರ, ಬಸವನಗುಡಿಯಲ್ಲೇ ನಡೀಲಿಲ್ಲ. ಕೊರಟಗೆರೆಯಲ್ಲಿ ನಡೆಯುತ್ತಾ?

ಅದಕ್ಕಿಂತ ಮುಖ್ಯವಾದದ್ದು ಸೋತ ಮೇಲೆ ಏನಾಯ್ತು ಅನ್ನೋದು. ಏನೂ ಆಗಲಿಲ್ಲ. ಅವರು ಕ್ಯಾಪ್ಟನ್ ಗೋಪಿನಾಥ್ ಆಗೇ ಉಳಿದರು. ಪೇಪರಿಗೆ ಬರೆದರು, ಪುಸ್ತಕ ಬರೆದರು, ಭಾಷಣಕ್ಕೆ ಕರೆದರು, 2014ರಲ್ಲಿ ಆಮ್ ಆದ್ಮಿ ಪಾರ್ಟಿಗೆ ಸೇರಿದರು, ಅಲ್ಲಿಯ ನಾಯಕತ್ವವನ್ನೂ ಟೀಕಿಸಿದರು. "ನೀವು ಯಾಕೆ ನಿಂತ್ರಿ, ಇದು ನಿಮ್ಮ ಸೀಟಾ?" ಅಂತ ಯಾರೂ ಕೇಳಲಿಲ್ಲ.

ಕೊಡಗಿನ ಕಾರ್ಯಪ್ಪನವರೂ ಹೀಗೇ. ದೇಶದ ಮೊದಲ ಭಾರತೀಯ ಸೇನಾ ಮುಖ್ಯಸ್ಥರು 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು ಸೋತರು. ಗೌರವಕ್ಕೆ ಒಂದು ಗೀಟೂ ಬೀಳಲಿಲ್ಲ. ಸೋತು 15 ವರ್ಷ ಆದ ಮೇಲೆ, 1986ರಲ್ಲಿ, ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟರು. ಕೊಡಬೇಕಾದದ್ದೇ.

ನಾನು ಹೇಳಬೇಕು ಅಂದ್ಕೊಂಡಿರೋದು ಇದನ್ನೇ. ಯೂನಿಫಾರ್ಮ್ ಹಾಕಿದ ಕೆಲವರಿಗೆ ಎಲ್ಲಿ ಬೇಕಾದ್ರೂ ನಿಲ್ಲೋ ಹಕ್ಕಿದೆ, ಸೋತು ಮರ್ಯಾದೆಯಿಂದ ಮನೆಗೆ ಹೋಗೋ ಹಕ್ಕೂ ಇದೆ. ಅದೇ ಯೂನಿಫಾರ್ಮ್ ಹಾಕಿದ ನಮ್ಮವರಿಗೆ ಈ ಎರಡೂ ಇಲ್ಲ.

ನಿಜವಾದ ವಾಯುಪಡೆ ಪೈಲಟ್ ಕ್ಯಾಂಡಿಡೇಟ್ ಆಗಿದ್ದು ಯಾರು ಅಂತ ಕೇಳಿದ್ರೆ, ಉತ್ತರ ಭಾರತಕ್ಕೆ ಹೋಗಬೇಕು. ರಾಜೇಶ್ ಪೈಲಟ್. ಹುಟ್ಟುಹೆಸರು ರಾಜೇಶ್ವರ್ ಪ್ರಸಾದ್ ಬಿಧೂರಿ, ಉತ್ತರ ಪ್ರದೇಶದ ವೈದ್‌ಪುರ ಹಳ್ಳಿಯ ಗುಜ್ಜರ್ ಕುಟುಂಬ. ಚಿಕ್ಕ ಹುಡುಗನಾಗಿದ್ದಾಗ ದೆಹಲಿಯ ಮಂತ್ರಿಗಳ ಬಂಗಲೆಗಳಿಗೆ ಹಾಲು ಹಾಕುತ್ತಿದ್ದವರು. 1966ರಲ್ಲಿ ವಾಯುಪಡೆ ಸೇರಿ ಪೈಲಟ್ ಆದರು, 1971ರ ಯುದ್ಧದಲ್ಲಿ ಹಾರಿದರು, ಸ್ಕ್ವಾಡ್ರನ್ ಲೀಡರ್ ಆದರು. ಕೆಲಸ ಬಿಟ್ಟು 1980ರಲ್ಲಿ ರಾಜಸ್ಥಾನದ ಭರತ್‌ಪುರದಿಂದ ಕಾಂಗ್ರೆಸ್ ಟಿಕೆಟಲ್ಲಿ ನಿಂತು ಗೆದ್ದರು. ಹಾಲು ಹಾಕುತ್ತಿದ್ದ ಬೀದಿಗಳಿಗೆ ಸಂಸದರಾಗಿ, ಮಂತ್ರಿಯಾಗಿ ಬಂದರು. 1997ರಲ್ಲಿ ಸೀತಾರಾಮ್ ಕೇಸರಿ ಎದುರು ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೂ ನಿಂತರು, ಸೋತರು. 2000ದ ಜೂನ್ 11ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಅವರ ಕಥೆಯಲ್ಲಿ ನನ್ನನ್ನ ಹಿಡಿದು ನಿಲ್ಲಿಸೋದು ಹೆಸರು. ಎಲೆಕ್ಷನ್ ಹೊತ್ತಿಗೆ 'ಬಿಧೂರಿ' ಅನ್ನೋ ಕುಲದ ಹೆಸರು ಹೋಗಿ 'ಪೈಲಟ್' ಬಂತು. ಸಂಜಯ್ ಗಾಂಧಿ ಸಲಹೆ ಅಂತಾರೆ. ಮಾಡಿದ ಕೆಲಸವೇ ಮನೆತನದ ಹೆಸರಾಯ್ತು, ಈಗ ಮಗ ಸಚಿನ್‌ಗೂ ಅದೇ ಹೆಸರು. ಕೇಳೋಕೆ ಎಷ್ಟು ಚೆನ್ನಾಗಿದೆ ನೋಡಿ. ನಮ್ಮ ಕಡೆಯೂ ಹೆಸರು ಬದಲಾಯಿಸಿದವರು ಬೇಕಾದಷ್ಟು ಜನ ಇದ್ದಾರೆ. ಆದ್ರೆ ಹೆಸರು ಹೇಳಿದ ಮೇಲೂ "ಯಾವೂರು? ಯಾರ ಪೈಕಿ? ಊರೊಳಗಾ, ಕಾಲೋನಿನಾ?" ಅಂತ ಮೂರು ಪ್ರಶ್ನೆ ಬಂದೇ ಬರುತ್ತೆ. ಮೂರನೇ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಹೊಸ ಹೆಸರು ಅವರಿಗೆ ಬೇಕಾಗಲ್ಲ.

ಗುಜ್ಜರರಿಗೆ ಹಸು, ಎಮ್ಮೆ, ಜಮೀನು ಇತ್ತು, ಸಂಖ್ಯೆ ಇತ್ತು, ಅವರು ಮುಟ್ಟಿದ ಹಾಲನ್ನ ಬಂಗಲೆಯವರು ಕುಡೀತಿದ್ರು. ಬಡತನ ನಿಜ, ಅವಮಾನವೂ ಇದ್ದಿರಬೇಕು, ನಾನು ಅಲ್ಲಗಳೆಯಲ್ಲ. ಆದ್ರೆ ನಮ್ಮ ಮನೆ ಹಾಲನ್ನ ನಮ್ಮೂರ ಡೈರಿಗೆ ಹಾಕಿದಾಗ ಏನೇನು ಮಾತು ಬಂತು ಅನ್ನೋದನ್ನ ಈ ಪೋಸ್ಟ್ ಓದೋರಲ್ಲಿ ಎಷ್ಟೋ ಜನ ಬಲ್ಲಿರಿ.

ಇನ್ನೂ ಇದ್ದಾರೆ. ಪುಣೆಯ ಸುರೇಶ್ ಕಲ್ಮಾಡಿ ವಾಯುಪಡೆ ಪೈಲಟ್ ಆಗಿದ್ದವರು. ತೆಲಂಗಾಣದಲ್ಲಿ 2023ರಿಂದ ಮಂತ್ರಿಯಾಗಿರೋ ಉತ್ತಮ್ ಕುಮಾರ್ ರೆಡ್ಡಿ ಮಿಗ್ ವಿಮಾನ ಹಾರಿಸಿದವರು. ಇವರೆಲ್ಲ ಗೆದ್ದು ಬಂದದ್ದು 'ಸಾಮಾನ್ಯ' ಕ್ಷೇತ್ರಗಳಿಂದ.

ಈಗ ಆ ಪದಕ್ಕೆ ಬರೋಣ. 'ಸಾಮಾನ್ಯ.'

ಏರ್ ಡೆಕ್ಕನ್ನಿನ ಗುರುತು ಯಾವುದಿತ್ತು ನೆನಪಿದೆಯಾ? ಆರ್.ಕೆ. ಲಕ್ಷ್ಮಣ್ ಬರೆದ ಶ್ರೀಸಾಮಾನ್ಯ. ಪಂಚೆ, ಚೌಕಳಿ ಕೋಟು, ಕನ್ನಡಕದ ಮುದುಕಪ್ಪ. ಆತ ಎಲ್ಲರ ಪ್ರತಿನಿಧಿಯಂತೆ. ನಮ್ಮ ಚುನಾವಣಾ ಪಟ್ಟಿಯಲ್ಲೂ 'ಸಾಮಾನ್ಯ' ಅಂತಾನೇ ಇರುತ್ತೆ. ಕಾನೂನಿನ ಪ್ರಕಾರ ಸಾಮಾನ್ಯ ಅಂದ್ರೆ ಯಾರು ಬೇಕಾದ್ರೂ ನಿಲ್ಲಬಹುದು, ಎಸ್ಸಿ ಎಸ್ಟಿಯವರೂ ನಿಲ್ಲಬಹುದು, ಅಲ್ಲಿಯೂ ಅವರಿಗೆ ಠೇವಣಿ ಅರ್ಧ. ವಿಧಾನಸಭೆಗೆ ಬೇರೆಯವರು 10,000 ಕಟ್ಟಿದ್ರೆ ನಾವು 5,000, ಲೋಕಸಭೆಗೆ 25,000ಕ್ಕೆ 12,500. ಕಾನೂನು ಬಾಗಿಲು ತೆಗೆದೇ ಇಟ್ಟಿದೆ. ಆದ್ರೆ ಹಳ್ಳಿ ಭಾಷೆಯಲ್ಲಿ ಸಾಮಾನ್ಯ ಅಂದ್ರೆ 'ಅವರದ್ದು', ಮೀಸಲು ಅಂದ್ರೆ 'ನಿಮ್ಮದು'.

ನಮ್ಮ ಸೀಮೆಯನ್ನೇ ನೋಡಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ನಾಲ್ಕರಲ್ಲಿ ಕೊರಟಗೆರೆ ಮತ್ತು ಪಾವಗಡ ಮೀಸಲು, ಮಧುಗಿರಿ ಮತ್ತು ಶಿರಾ ಸಾಮಾನ್ಯ. 2008ಕ್ಕೆ ಮುಂಚೆ ಮಧುಗಿರಿ ಮೀಸಲಾಗಿತ್ತು. ಆಗ ಡಾ. ಜಿ. ಪರಮೇಶ್ವರ್ ಮಧುಗಿರಿಯಿಂದ 1989, 1999, 2004ರಲ್ಲಿ ಗೆದ್ದಿದ್ದರು. ಕ್ಷೇತ್ರ ಮರುವಿಂಗಡಣೆ ಆಯ್ತು, ಮಧುಗಿರಿ ಸಾಮಾನ್ಯ ಆಯ್ತು, ಕೊರಟಗೆರೆ ಮೀಸಲಾಯ್ತು. ಅವರು ಕೊರಟಗೆರೆಗೆ ಬಂದರು. ಆಸ್ಟ್ರೇಲಿಯಾದ ಅಡಿಲೇಡಲ್ಲಿ ಪಿಎಚ್‌ಡಿ ಮಾಡಿದವರು, ಆಗಲೇ ಮಂತ್ರಿಯಾಗಿದ್ದವರು, ಮೂರು ಸಲ ಗೆದ್ದ ಊರನ್ನ ಬಿಟ್ಟು ಬರಬೇಕಾಯ್ತು. ಅವರ ರಾಜಕೀಯದ ಬಗ್ಗೆ ನನಗೆ ತಕರಾರುಗಳಿವೆ, ಇಲ್ಲಿ ಬೇಡ. 2013ರಲ್ಲಿ ಅವರು ಕೆಪಿಸಿಸಿ ಅಧ್ಯಕ್ಷರಾಗಿದ್ದಾಗಲೇ ಪಕ್ಷ ರಾಜ್ಯ ಗೆದ್ದಿತು, ಅವರು ಮಾತ್ರ ಕೊರಟಗೆರೆಯಲ್ಲಿ ಸೋತರು. ಆ ಸೋಲಿನ ಬಗ್ಗೆ ಇವತ್ತಿಗೂ ಬಗೆಬಗೆಯ ಮಾತಿದೆ. ಒಂದಂತೂ ನಿಜ. ಸೋತ ಅಧ್ಯಕ್ಷರು ಮುಖ್ಯಮಂತ್ರಿ ರೇಸಿಂದಲೇ ಹೊರಗೆ ಹೋದರು. ಅವರ ಸೋಲಿನ ಬೆಲೆ ಅಷ್ಟಿತ್ತು.

ಮಲ್ಲಿಕಾರ್ಜುನ ಖರ್ಗೆಯವರದ್ದೂ ಇದೇ ದಾರಿ. ಎಂಟು ಸಲ ಗೆದ್ದ ಗುರುಮಠಕಲ್ 2008ರಲ್ಲಿ ಸಾಮಾನ್ಯ ಆಯ್ತು, ಅವರು ಮೀಸಲು ಚಿತ್ತಾಪುರಕ್ಕೆ ಹೋದರು. ಎಂಟು ಸಲ! ಆ ಊರಿನ ಪ್ರತಿ ಮನೆಯ ಕಷ್ಟಸುಖ ಬಲ್ಲ ಮನುಷ್ಯ, ಪಟ್ಟಿಯಲ್ಲಿ ಒಂದು ಪದ ಬದಲಾದ ದಿನ ಆ ಊರಿಂದ ಎದ್ದು ಬರಬೇಕು ಅಂದ್ರೆ, ಅದು ಪದದ ಸಮಸ್ಯೆ ಅಲ್ಲ ಕಣ್ರಪ್ಪಾ.

ಇಂಥ ದೊಡ್ಡವರ ಪಾಡೇ ಹೀಗಿದ್ರೆ ನಮ್ಮ ಚಿಕ್ಕಪ್ಪನ ಪಾಡೇನು?

ನಮ್ಮ ಚಿಕ್ಕಪ್ಪ ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದೋನು. ಲೇಹ್ ರೋಡಲ್ಲಿ ಹಿಮದ ಮೇಲೆ ಲಾರಿ ಓಡಿಸಿದೋನು. ಹವಾಲ್ದಾರ್ ಆಗಿ ಪೆನ್ಷನ್ ತಗೊಂಡು ಊರಿಗೆ ಬಂದ. ಊರ ಹೆಸರು ಬೇಡ, ಈ ನಾಲ್ಕು ತಾಲ್ಲೂಕಲ್ಲಿ ಯಾವುದೋ ಒಂದು ಹಳ್ಳಿ ಅಂದ್ಕೊಳ್ಳಿ. ಬಂದ ಹೊಸದರಲ್ಲಿ ಊರವರಿಗೆಲ್ಲ ಅವನು 'ಮಿಲಿಟ್ರಿ ಅಣ್ಣ'. ಯಾಕಂದ್ರೆ ಕ್ಯಾಂಟೀನ್ ರಮ್ಮು. ಕತ್ತಲಾದ ಮೇಲೆ ಊರೊಳಗಿನವರು ಕಾಲೋನಿಗೆ ಬಂದು "ಅಣ್ಣಾ, ಒಂದು ಬಾಟ್ಲು ಇದ್ರೆ ನೋಡಣ್ಣ" ಅನ್ನೋರು. ಚಿಕ್ಕಮ್ಮ ನೀರು ತಂದುಕೊಟ್ರೆ "ಬೇಡ ಕಣಮ್ಮ, ಈಗ ತಾನೇ ಕುಡ್ಕೊಂಡು ಬಂದ್ವಿ" ಅನ್ನೋರು. ಬಾಟ್ಲಿಗೆ ಇಲ್ಲದ ಮೈಲಿಗೆ ನೀರಿಗಿತ್ತು. ಚಿಕ್ಕಪ್ಪ ಇದನ್ನ ನಗ್ತಾನೇ ಹೇಳೋನು.

ಪಂಚಾಯ್ತಿ ಎಲೆಕ್ಷನ್ ಬಂತು. ಅವರ ವಾರ್ಡಲ್ಲಿ ಮೂರು ಸ್ಥಾನ. ಆ ಸಲ ಎಸ್ಸಿ ಸ್ಥಾನ ಮಹಿಳೆಗೆ ಹೋಗಿತ್ತು, ಒಂದು ಹಿಂದುಳಿದ ವರ್ಗಕ್ಕೆ, ಒಂದು ಸಾಮಾನ್ಯ. ಚಿಕ್ಕಪ್ಪ ಸಾಮಾನ್ಯ ಸ್ಥಾನಕ್ಕೆ ನಾಮಪತ್ರ ಹಾಕಿದ. ಆವತ್ತು ಸಾಯಂಕಾಲ ಊರಿನ ನಾಲ್ಕು ಜನ ಬಂದರು. ಬೈಯಲಿಲ್ಲ, ಗದರಿಸಲಿಲ್ಲ. ಬಹಳ ಪ್ರೀತಿಯಿಂದ ಮಾತಾಡಿದರು.

"ಅಲ್ಲಪ್ಪಾ ಮಿಲಿಟ್ರಿ, ನಿಮಗೆ ಅಂತಾನೇ ಸೀಟು ಬಿಟ್ಟವರಲ್ಲ, ಇದಕ್ಕೆ ಯಾಕೆ ಕೈ ಹಾಕ್ತೀಯ? ನಿನ್ನ ಹೆಂಡ್ತೀನ ಆ ಸೀಟಿಗೆ ನಿಲ್ಸು, ನಾವೇ ಮುಂದೆ ನಿಂತು ಗೆಲ್ಲಿಸ್ತೀವಿ."

ಚಿಕ್ಕಪ್ಪ ಕೇಳಿದ್ದು ಒಂದೇ ಮಾತು. "ಇದು ಎಲ್ಲರದೂ ಅಂತ ಬರೆದೈತಲ್ಲ ಗೌಡ್ರೇ, ಎಲ್ಲರಲ್ಲಿ ನಾನಿಲ್ವಾ?"

ಅದಕ್ಕೆ ಉತ್ತರ ಬರಲಿಲ್ಲ. ಅವನು ನಾಮಪತ್ರ ವಾಪಸ್ ತಗೊಳ್ಳಲೂ ಇಲ್ಲ. ಯೂನಿಫಾರ್ಮಿನ ಫೋಟೋ ಹಾಕಿ ಪಾಂಪ್ಲೆಟ್ ಹೊಡಿಸಿದ. ಕಾಲೋನಿಯ ಓಟು ಬಂತು, ಅದರಲ್ಲೂ ಎಡಗೈ ಬಲಗೈ ಅಂತ ಒಂದಿಷ್ಟು ಹರಿದುಹೋಯ್ತು. ಇದನ್ನೂ ಮುಚ್ಚಿಡಬಾರದು, ನಮ್ಮೊಳಗಿನ ಬಿರುಕನ್ನ ಅವರು ಚೆನ್ನಾಗಿ ಓದಿಕೊಂಡಿದ್ದಾರೆ. ಊರೊಳಗಿಂದ ಬಂದದ್ದು ಬೆರಳೆಣಿಕೆ. ಸೋತ.

ಆಮೇಲೆ 'ಮಿಲಿಟ್ರಿ ಅಣ್ಣ' ಅನ್ನೋದು ನಿಂತುಹೋಯ್ತು. ಬಾವಿ ಪಂಪು ರಿಪೇರಿಗೆ ಯಾರೂ ಬರಲಿಲ್ಲ, ಟ್ರ್ಯಾಕ್ಟರ್ ಬಾಡಿಗೆಗೆ ಸಿಗಲಿಲ್ಲ. ಹೋಟೆಲ್ ಮುಂದೆ ಹೋದ್ರೆ "ಬಂದ್ರಪ್ಪಾ ಎಂಎಲ್ಎ ಸಾಹೇಬ್ರು" ಅಂತ ನಗು. ವರ್ಷದೊಳಗೆ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಹೋದ. ಈಗ ಒಂದು ಅಪಾರ್ಟ್‌ಮೆಂಟಿನ ಗೇಟಲ್ಲಿ ಸೆಕ್ಯುರಿಟಿ. ನಾನು ನೋಡೋಕೆ ಹೋದಾಗ ಊರಿನ ವಿಷಯ ಕೇಳಲ್ಲ. "ಮಕ್ಕಳು ಓದ್ತವರಾ?" ಅಂತ ಮಾತ್ರ ಕೇಳ್ತಾನೆ.

ಅವನು ಒಂದು ಪಂಚಾಯ್ತಿ ಸೀಟು ಸೋತ ಅಷ್ಟೇ. ಗೋಪಿನಾಥ್ ಸೋತದ್ದು ಲೋಕಸಭೆ. ಆದ್ರೆ ಊರು ಬಿಡಬೇಕಾಗಿ ಬಂದದ್ದು ಇವನಿಗೆ.

ಸೈನ್ಯ ಜಾತಿ ಅಳಿಸುತ್ತೆ ಅನ್ನೋ ಮಾತು ಹೇಳೋರಿಗೆ ನಮ್ಮ ಚರಿತ್ರೆ ಗೊತ್ತಿಲ್ಲ. ಬಾಬಾಸಾಹೇಬರು ಹುಟ್ಟಿದ್ದೇ ಮಹೂ ದಂಡುಪ್ರದೇಶದಲ್ಲಿ, 1891ರಲ್ಲಿ. ತಂದೆ ರಾಮ್‌ಜಿ ಸುಬೇದಾರ್, ಸೈನ್ಯದ ಶಾಲೆಯ ಮೇಷ್ಟ್ರು. ಬಾಬಾಸಾಹೇಬರು ಇನ್ನೂ ಕೂಸಾಗಿದ್ದಾಗಲೇ, 'ಯೋಧ ಜಾತಿ'ಗಳು ಬೇರೆ ಅಂತ ಲೆಕ್ಕ ಹಾಕಿ ಬ್ರಿಟಿಷರು ಮಹಾರರ ನೇಮಕಾತಿ ನಿಲ್ಲಿಸಿದರು. ಮೊದಲ ಮಹಾಯುದ್ಧಕ್ಕೆ ಜನ ಬೇಕಾದಾಗ ಕರೆದರು, ಯುದ್ಧ ಮುಗಿದ ಮೇಲೆ ಪಡೆಯನ್ನ ವಿಸರ್ಜಿಸಿದರು. 1941ರಲ್ಲಿ ಅಂಬೇಡ್ಕರ್ ರಕ್ಷಣಾ ಸಲಹಾ ಸಮಿತಿಯಲ್ಲಿದ್ದರು, ಅದೇ ವರ್ಷ ಅಕ್ಟೋಬರಲ್ಲಿ ಮಹಾರ್ ರೆಜಿಮೆಂಟ್ ಕಟ್ಟಲಾಯ್ತು. ಎಲ್ಲಿ ಗೊತ್ತಾ? ನಮ್ಮ ಬೆಳಗಾವಿಯಲ್ಲಿ. ಬೇಕಾದಾಗ ಕರೆಯೋದು, ಬೇಡವಾದಾಗ ಕಳಿಸೋದು, ಇದನ್ನ ನಾವು ತಲೆಮಾರುಗಳಿಂದ ನೋಡಿದ್ದೇವೆ. ಇವತ್ತಿಗೂ ರಾಷ್ಟ್ರಪತಿಯವರ ಅಂಗರಕ್ಷಕ ದಳಕ್ಕೆ ಜಾಟ್, ಜಾಟ್ ಸಿಖ್, ರಜಪೂತರನ್ನಷ್ಟೇ ತಗೊಳ್ಳೋ ಪದ್ಧತಿ ವಿರುದ್ಧ ಜನ ಕೋರ್ಟು ಹತ್ತಿದ್ದಾರೆ.

ಬಾಬಾಸಾಹೇಬರೂ ಚುನಾವಣೆ ಸೋತರು ಅನ್ನೋದನ್ನ ಮರೀಬೇಡಿ. 1952ರಲ್ಲಿ ಉತ್ತರ ಮುಂಬಯಿಯಲ್ಲಿ, 1954ರಲ್ಲಿ ಭಂಡಾರಾ ಉಪಚುನಾವಣೆಯಲ್ಲಿ. 1932ರ ಪೂನಾ ಒಪ್ಪಂದದಲ್ಲಿ ಪ್ರತ್ಯೇಕ ಮತದಾನದ ಹಕ್ಕು ಬಿಟ್ಟುಕೊಟ್ಟ ಮೇಲೆ, ಮೀಸಲು ಸೀಟಲ್ಲೂ ನಮ್ಮ ಪ್ರತಿನಿಧಿ ಯಾರು ಅಂತ ತೀರ್ಮಾನಿಸೋದು ಎಲ್ಲರ ಓಟು. ಮೀಸಲಲ್ಲಿ ಅವರ ಓಟು ಬೇಕು, ಸಾಮಾನ್ಯದಲ್ಲಿ ನಮಗೆ ಜಾಗ ಇಲ್ಲ. ಸಂವಿಧಾನ ಬರೆದವರನ್ನೇ ಸೋಲಿಸಿದ ಲೆಕ್ಕ ಇದು. ಆಮೇಲೆ ಅವರನ್ನ ದಶಕಗಳ ಕಾಲ ಆಡಿಕೊಂಡದ್ದೂ ಇದೇ ಸೋಲನ್ನ ಹಿಡಿದು.

ಹಾಗಾದ್ರೆ ಏನ್ ಮಾಡೋದು? ಹುಡುಗರಿಗೆ ಎರಡು ಮಾತು ಹೇಳ್ತೀನಿ.

ಒಂದು. ಪೈಲಟ್ ಆಗೋ ಆಸೆ ಬಿಡಬೇಡಿ. ನಾನು ಬಿಎ ಓದಿ ಕ್ಲರ್ಕ್ ಆದವನು, ದಿನಾ ಫೈಲು ಕಟ್ಟೋನು, ಈ ದಾರಿ ನನ್ನ ವಯಸ್ಸಲ್ಲಿ ನನಗೆ ಯಾರೂ ಹೇಳಲಿಲ್ಲ. ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳಲ್ಲಿ ಆರನೇ ಮತ್ತು ಒಂಬತ್ತನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ ಇದೆ, ಎಸ್ಸಿಗೆ ಶೇ 15, ಎಸ್ಟಿಗೆ ಶೇ 7.5 ಸೀಟು ಮೀಸಲಿದೆ. ಗೋಪಿನಾಥರನ್ನ ಗೊರೂರಿಂದ ಹೊರಗೆ ಕರೆದುಕೊಂಡು ಹೋದದ್ದು ಅದೇ ಬಿಜಾಪುರದ ಶಾಲೆ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಇದ್ರೆ ಎನ್‌ಡಿಎ ಮೂಲಕ ವಾಯುಪಡೆಗೆ ಹೋಗಬಹುದು, ಎಸ್ಸಿ ಎಸ್ಟಿಯವರಿಗೆ ಪರೀಕ್ಷೆ ಫೀಸಿಲ್ಲ, ಈಗ ಹೆಣ್ಣುಮಕ್ಕಳಿಗೂ ಅವಕಾಶ ಇದೆ. ಎಚ್ಚರ, ಸೇನೆ ಭರ್ತಿಯಲ್ಲಿ ಮೀಸಲಾತಿ ಇಲ್ಲ, ಪೈಲಟ್ ಆಯ್ಕೆಯ ಪರೀಕ್ಷೆಗೆ ಜೀವನದಲ್ಲಿ ಒಂದೇ ಸಲ ಕೂರೋಕೆ ಆಗೋದು. ತಯಾರಿ ಇಲ್ಲದೆ ಹೋಗಿ ಕಳ್ಕೋಬೇಡಿ. ವಿಮಾನ ಓಡಿಸಿದ್ರೆ ಜಾತಿ ಹೋಗುತ್ತೆ ಅಂತ ನಾನು ಹೇಳ್ತಿಲ್ಲ. ಆ ಸೀಟು ನಮ್ಮದೂ ಹೌದು, ಅದಕ್ಕೆ ಹೋಗಿ.

ಎರಡು. ಮುಂದಿನ ಪಂಚಾಯ್ತಿ ಎಲೆಕ್ಷನ್ನಲ್ಲಿ ಈ ನಾಲ್ಕು ತಾಲ್ಲೂಕಲ್ಲಿ ಎಲ್ಲೆಲ್ಲಿ ಆಗುತ್ತೋ ಅಲ್ಲೆಲ್ಲ ಸಾಮಾನ್ಯ ಸ್ಥಾನಕ್ಕೆ ನಮ್ಮವರು ನಿಲ್ಲಬೇಕು. ಒಬ್ಬೊಬ್ಬರೇ ಅಲ್ಲ, ಒಂದೇ ಸಲ, ಹತ್ತಾರು ಕಡೆ. ನಮ್ಮ ಚಿಕ್ಕಪ್ಪ ಒಂಟಿಯಾಗಿ ನಿಂತ, ಅದಕ್ಕೆ ಒಂಟಿಯಾಗಿ ಊರು ಬಿಟ್ಟ. ಹತ್ತು ಕಡೆ ನಿಂತರೆ ಹತ್ತು ಜನರ ಟ್ರ್ಯಾಕ್ಟರ್ ನಿಲ್ಲಿಸೋದು ಕಷ್ಟ. ಗೆಲ್ತೀವಿ ಅಂತ ಸುಳ್ಳು ಹೇಳಲ್ಲ. ಬಹಳ ಕಡೆ ಸೋಲ್ತೀವಿ. ಸೋತ ಮಾರನೇ ದಿನ ಅದೇ ಹೋಟೆಲಲ್ಲಿ, ಅದೇ ಬೆಂಚಲ್ಲಿ ಕೂತು ಟೀ ಕುಡೀಬೇಕು, ಯಾರೂ ನಗದ ಹಾಗೆ. ಅದು ಆಗೋವರೆಗೂ ಜೊತೆಗೆ ನಿಲ್ಲೋಕೆ ಸಂಘಟನೆ ಇರಬೇಕು. ನಾಮಪತ್ರ ಹಾಕಿಸಿ ಫೋಟೋ ತೆಗೆಸಿಕೊಂಡು ಹೋಗೋದು ಸಂಘಟನೆ ಕೆಲಸ ಅಲ್ಲ, ರಿಸಲ್ಟ್ ಬಂದ ಮೇಲಿನ ಆರು ತಿಂಗಳು ನಿಜವಾದ ಕೆಲಸ.

ನಿಮ್ಮ ಊರಲ್ಲಿ ಮಿಲಿಟರಿಯಿಂದ ಬಂದ ನಮ್ಮವರು ಇದ್ದರೆ ಈ ವಾರ ಹೋಗಿ ಮಾತಾಡಿಸಿ. ಬಾಟ್ಲಿ ಕೇಳೋಕಲ್ಲ. ಸಾಮಾನ್ಯ ಸ್ಥಾನಕ್ಕೆ ನಿಲ್ತೀರಾ ಅಂತ ಕೇಳಿ, ಸೋತರೂ ಜೊತೆಗೆ ಇರ್ತೀವಿ ಅಂತ ಹೇಳಿ. ಅವರ ಮನೆಯಲ್ಲಿ ನೀರು ಕುಡಿದು ಬನ್ನಿ.

ಜೈಭೀಮ್.